ಲಾಹೋರಿನಿಂದ ಅಮೃತಸರಕ್ಕೆ ಸೈಕಲ್ ದಾರಿ

ಲಾಹೋರಿನಿಂದ ಅಮೃತಸರಕ್ಕೆ ಎಷ್ಟು ದೂರ ಗೊತ್ತೇ? ಸುಮಾರು 50 ಕಿಲೋಮೀಟರ್. ಯುರೋಪಿನಿಂದ ಸೈಕಲ್ ತುಳಿಯುತ್ತಾ ತುರ್ಕಿ, ಇರಾನ್, ಪಾಕಿಸ್ತಾನಗಳನ್ನು ಹಾದು ಭಾರತಕ್ಕೆ ಬರುತ್ತಿದ್ದ ವಿದೇಶಿ ಪ್ರವಾಸಿಗಳಿಗೆ ಇದು ಒಂದು ದಿನದ ಪೂರ್ತಿ ಕೆಲಸವೂ ಅಲ್ಲ. ಬೆಳಿಗ್ಗೆ ಲಾಹೋರಿನಲ್ಲಿ ಚಹಾ ಕುಡಿದು ಹೊರಟರೆ ಸಂಜೆಯೊಳಗೆ ಅಮೃತಸರ.

ಅವರಲ್ಲಿ ಹೆಂಗಸರೂ ಇದ್ದರು. ಐರ್ಲೆಂಡಿನ ಡರ್ವ್ಲಾ ಮರ್ಫಿ 14ನೇ ವಯಸ್ಸಿಗೆ ಶಾಲೆ ಬಿಟ್ಟು, ಕಾಯಿಲೆಬಿದ್ದ ತಾಯಿಯ ಆರೈಕೆಗೆ ನಿಂತವರು. ತಾಯಿ ತೀರಿಕೊಂಡ ಬಳಿಕ, 1963ರಲ್ಲಿ, ಇರಾನ್ ಮತ್ತು ಅಫ್ಘಾನಿಸ್ತಾನದ ಹಾದಿಯಾಗಿ ಒಬ್ಬರೇ ಸೈಕಲಿನಲ್ಲಿ ಭಾರತಕ್ಕೆ ಬಂದರು. ಹತ್ತು ವರ್ಷದ ಹುಡುಗಿಯಾಗಿದ್ದಾಗ ಕಟ್ಟಿಕೊಂಡ ಆಸೆಯಂತೆ ಅದು!

ಲಾಹೋರಿನಿಂದ ವಾಘಾದತ್ತ ಸಾಗುವುದು ಶೇರ್ ಶಾ ಸೂರಿಯ ಹೆಸರಿನೊಂದಿಗೆ ಬೆಸೆದುಕೊಂಡಿರುವ ಹಳೆಯ ಹೆದ್ದಾರಿ. ನೆಲ ಸಮತಟ್ಟು, ಏರು ಎಂಬುದೇ ಇಲ್ಲ. 24 ಕಿಲೋಮೀಟರಿನಷ್ಟು ತುಳಿದರೆ ಗಡಿ. ಮೋಟಾರು ವಾಹನ ತಂದವರಿಗೆ ಸುಂಕದ ಕಾಗದಪತ್ರಗಳ ರಗಳೆ; ಸೈಕಲ್ಲಿಗೆ ಅದಿಲ್ಲ. ಆದರೆ ಕ್ಯಾರಿಯರಿನ ಎರಡೂ ಬದಿಗೆ ಕಟ್ಟಿದ ಚೀಲಗಳನ್ನು ಬಿಚ್ಚಿ ತೋರಿಸಬೇಕು. ಒಗೆಯದ ಬಟ್ಟೆ, ಪಂಕ್ಚರ್ ಸಾಮಾನು, ಪಾತ್ರೆ, ಎಲ್ಲವೂ ಅಧಿಕಾರಿಗಳ ಕಣ್ಣೆದುರು! ಪಾಕಿಸ್ತಾನದ ರೇಂಜರ್‌ಗಳು ಪಾಸ್‌ಪೋರ್ಟ್ ನೋಡಿ ಬಿಟ್ಟರೆ ಕೆಲವೇ ಹೆಜ್ಜೆ. ಅಲ್ಲಿ ಬಿಎಸ್‌ಎಫ್ ಯೋಧರು ಅದೇ ಪಾಸ್‌ಪೋರ್ಟನ್ನು ಮತ್ತೆ ತೆರೆಯುತ್ತಾರೆ. ಗೇಟು ದಾಟಿದ ಕೂಡಲೇ ಕೈಗಡಿಯಾರವನ್ನು ಅರ್ಧ ಗಂಟೆ ಮುಂದೆ ತಿರುಗಿಸಬೇಕು. ಬದಲಾಗುವುದು ಅಷ್ಟೇ. ಆಚೆ ಇದ್ದ ಗೋಧಿ ಹೊಲವೇ ಈಚೆಯೂ, ಆಚೆ ಕೇಳಿದ ಪಂಜಾಬಿ ಮಾತೇ ಈಚೆಯೂ. ರಾತ್ರಿ ಸ್ವರ್ಣಮಂದಿರದ ಲಂಗರಿನಲ್ಲಿ ಯಾವ ದೇಶದವರೆಂದು ಕೇಳದೆ ರೊಟ್ಟಿ, ದಾಲ್ ಬಡಿಸುತ್ತಾರೆ.

ಆದರೆ ಎಲ್ಲಿಂದಲೋ ಬಂದವರಿಗೆ ಸಲೀಸಾಗಿದ್ದ ಈ ದಾರಿ, ಇಲ್ಲಿಯವರಿಗೇ ಕಠಿಣವಾಗಿತ್ತು. ಭಾರತ, ಪಾಕಿಸ್ತಾನಗಳ ಪ್ರಜೆಗಳು ಪರಸ್ಪರರ ದೇಶಕ್ಕೆ ಹೋಗುವುದಾದರೆ ವೀಸಾದಲ್ಲಿ ಊರುಗಳ ಹೆಸರೇ ನಮೂದಾಗಬೇಕಿತ್ತು. ತಲುಪಿದ ಮೇಲೆ ಪೊಲೀಸರಿಗೆ ವರದಿ ಮಾಡಿಕೊಳ್ಳಬೇಕಿತ್ತು. ದಾರಿಯಲ್ಲಿ ಮನಸ್ಸು ಬಂದ ಹಳ್ಳಿಯಲ್ಲಿ ಸೈಕಲ್ ನಿಲ್ಲಿಸಿ ತಂಗುವ ಮಾತು ಎಲ್ಲಿಂದ ಬಂತು? 1959ರಿಂದ ಸಂಜೆ ಹೊತ್ತು ಬಾವುಟ ಇಳಿಸುವ ಕವಾಯತು ನೋಡಲು ಎರಡೂ ಕಡೆ ಸಾವಿರಾರು ಜನ ಸೇರುತ್ತಾ ಬಂದಿದ್ದಾರೆ. ಚಪ್ಪಾಳೆ ತಟ್ಟಿ, ಘೋಷಣೆ ಕೂಗಿ, ಬಂದ ದಾರಿಯಲ್ಲೇ ಹಿಂತಿರುಗುತ್ತಾರೆ.

2025ರ ಏಪ್ರಿಲ್ 22ರಂದು ಪಹಲ್ಗಾಮ್‌ನಲ್ಲಿ ಅಮಾಯಕ ಪ್ರವಾಸಿಗಳ ಹತ್ಯೆಯಾಯಿತು. ಮರುದಿನವೇ ಅಟ್ಟಾರಿ ಗಡಿಯನ್ನು ಮುಚ್ಚುವುದಾಗಿ ಭಾರತ ಪ್ರಕಟಿಸಿತು. ಪಾಕಿಸ್ತಾನವೂ ವಾಘಾ ಮುಚ್ಚುವ ನಿರ್ಧಾರ ಮಾಡಿತು. ಬಂದವರು ಹಿಂದಿರುಗಲು ಕೊಟ್ಟ ಕೆಲವೇ ದಿನಗಳಲ್ಲಿ ಆ ಗೇಟಿನ ಬಳಿ ನಡೆದದ್ದನ್ನು ಪತ್ರಿಕೆಗಳು ವರದಿ ಮಾಡಿದವು. ಪಾಕಿಸ್ತಾನಕ್ಕೆ ಮದುವೆಯಾಗಿ ಹೋಗಿ, ತವರಿನವರನ್ನು ನೋಡಲೆಂದು ಮಕ್ಕಳೊಂದಿಗೆ ಬಂದಿದ್ದ ಹೆಣ್ಣುಮಕ್ಕಳು ಅಲ್ಲಿದ್ದರು. ಮಕ್ಕಳ ಪಾಸ್‌ಪೋರ್ಟ್ ಪಾಕಿಸ್ತಾನದ್ದು, ಹೋಗಬಹುದು. ತಾಯಿಯದು ಭಾರತದ್ದು, ಹೋಗುವಂತಿಲ್ಲ ಎಂದರು.