ಸಂಜೆಗೆ ಮಂಕಾಗುವ ಸೌರದೀಪ: ದೋಷ ಬ್ಯಾಟರಿಯದೇ?

ಕೊಪ್ಪಳದ ಸೀಮೆಯಲ್ಲಿ ಬಿಸಿಲಿಗೆ ಕೊರತೆಯಿಲ್ಲ. ವಿದ್ಯುತ್ ತಂತಿ ಮುಟ್ಟದ ಹೊಲಮನೆಗೆ ಸೌರಫಲಕ, ಬ್ಯಾಟರಿ, ಇನ್ವರ್ಟರುಗಳನ್ನು ಹಾಕಿಸಿಕೊಳ್ಳುವುದು ವಿವೇಕದ ಕೆಲಸವೇ ಸರಿ. ಆದರೆ ಕೆಲವು ಕಾಲ ಕಳೆದ ಮೇಲೆ ದೂರು ಕೇಳಿಬರುತ್ತದೆ: ಸಂಜೆಯಾದೊಡನೆ ದೀಪ ಮಂಕು, ಫ್ಯಾನು ಹಚ್ಚಿದರೆ ಇನ್ವರ್ಟರ್ ಕೂಗಿ ನಿಂತುಬಿಡುತ್ತದೆ. ಮಕ್ಕಳ ಓದು ಅಲ್ಲಿಗೇ ನಿಲ್ಲುತ್ತದೆ. ಹಗುರ ಮರದ ಗೊಂಬೆಗೆ ರಾತ್ರಿ ಕುಳಿತು ಕಣ್ಣು, ಹುಬ್ಬು ಬರೆಯುವ ಕಿನ್ನಾಳದ ಚಿತ್ರಗಾರರಿಗಂತೂ ಬೆಳಕು ನಡುಗಿದರೆ ಕುಂಚವೂ ನಡುಗಿದಂತೆಯೇ. ಮನೆಯ ಯಜಮಾನರು ಕೂಡಲೇ ಹೊಸ ಬ್ಯಾಟರಿಗೆ ಹಣ ಹೊಂದಿಸಲು ಹೊರಡುತ್ತಾರೆ. ಅದು ಕಟ್ಟಕಡೆಗೆ ಮಾಡಬೇಕಾದ ಕೆಲಸವೆಂಬುದು ನಮ್ಮ ಅಭಿಪ್ರಾಯ.

ಮೊದಲು ಬೇಕಾದುದು ಒಂದು ಮಲ್ಟಿಮೀಟರ್. ಅದನ್ನು ಡಿ.ಸಿ. ವೋಲ್ಟೇಜಿಗೆ ತಿರುಗಿಸಿಟ್ಟು, ಸೂರ್ಯ ಮುಳುಗಿದ ಬಳಿಕ ದೀಪಗಳನ್ನೆಲ್ಲ ಆರಿಸಿ, ಒಂದೆರಡು ಗಂಟೆ ಬಿಟ್ಟು ಬ್ಯಾಟರಿಯ ಎರಡು ತುದಿಗಳಿಗೆ ಹಿಡಿಯಬೇಕು. 12 ವೋಲ್ಟಿನ ಸೀಸ-ಆಮ್ಲ ಬ್ಯಾಟರಿ ತುಂಬಿದ್ದರೆ ಸುಮಾರು 12.7 ತೋರಿಸುತ್ತದೆ, 12.2 ಎಂದರೆ ಅರ್ಧ, 11.9ಕ್ಕಿಂತ ಕೆಳಗಾದರೆ ಬರಿದಾದಂತೆ. ಲಿಥಿಯಂ ಬ್ಯಾಟರಿಗೆ ಈ ಅಂಕಿಗಳು ಸಲ್ಲವು.

ಬ್ಯಾಟರಿ ತುಂಬಿದ್ದೂ ಇನ್ವರ್ಟರ್ ನಿಲ್ಲುತ್ತಿದ್ದರೆ ಕಳ್ಳ ಬೇರೆಡೆ ಇದ್ದಾನೆ. ಕಾಲುವೆಯ ತಲೆಯಲ್ಲಿ ನೀರು ತುಂಬಿ ಹರಿದರೂ ಕೊನೆಯ ಹೊಲಕ್ಕೆ ಮುಟ್ಟದಿರುವುದನ್ನು ತುಂಗಭದ್ರಾ ಎಡದಂಡೆಯ ರೈತರು ಚೆನ್ನಾಗಿ ಬಲ್ಲರು. ತಂತಿಯ ಕಥೆಯೂ ಅದೇ. ಬ್ಯಾಟರಿಯಿಂದ ಇನ್ವರ್ಟರಿಗೆ 10 ಮೀಟರ್ ದೂರವಿದ್ದರೆ ಹೋಗಿಬರುವ ತಂತಿ 20 ಮೀಟರ್. ಅದು ಮನೆಯ ದೀಪಕ್ಕೆ ಬಳಸುವ 1.5 ಚದರ ಮಿ.ಮೀ. ತಾಮ್ರದ ತಂತಿಯಾದರೆ, 10 ಆಂಪಿಯರ್ ಹರಿದಾಗ ದಾರಿಯಲ್ಲೇ 2.3 ವೋಲ್ಟಿನಷ್ಟು ಸೋರಿಹೋಗುತ್ತದೆ. ಇತ್ತ 12.5 ಇದ್ದರೂ ಅತ್ತ ಉಳಿಯುವುದು 10.2 ಮಾತ್ರ. 10.5ರ ಆಸುಪಾಸಿನಲ್ಲಿ ಅನೇಕ ಇನ್ವರ್ಟರುಗಳು ತಾವಾಗಿಯೇ ನಿಲ್ಲುತ್ತವೆ. ಅದೇ ದಾರಿಗೆ 10 ಚದರ ಮಿ.ಮೀ. ತಂತಿ ಎಳೆದರೆ ನಷ್ಟ 0.35 ವೋಲ್ಟಿಗೆ ಇಳಿಯುತ್ತದೆ. ಇನ್ವರ್ಟರನ್ನು ಬ್ಯಾಟರಿಯ ಮಗ್ಗುಲಿಗೇ ತಂದರೆ ಇನ್ನೂ ಲೇಸು. ಅದಕ್ಕೆ ಖರ್ಚೂ ಕಡಿಮೆ.

ಆದುದರಿಂದ ದೀಪ, ಫ್ಯಾನು ನಡೆಯುತ್ತಿರುವಾಗಲೇ ಬ್ಯಾಟರಿಯ ತುದಿಯಲ್ಲೊಮ್ಮೆ, ಇನ್ವರ್ಟರಿನ ತುದಿಯಲ್ಲೊಮ್ಮೆ ಅಳೆಯಬೇಕು. ವ್ಯತ್ಯಾಸ ಅರ್ಧ ವೋಲ್ಟನ್ನು ಮೀರಿದರೆ ನಡುವಿನ ತಂತಿಯನ್ನೋ ಫ್ಯೂಸನ್ನೋ ಸಡಿಲ ಜಾಯಿಂಟನ್ನೋ ಹುಡುಕಬೇಕು. ಮುಟ್ಟಿದರೆ ಬಿಸಿಯಾಗಿರುವ ಜಾಯಿಂಟೇ ಅಪರಾಧಿ. ಟರ್ಮಿನಲ್ಲಿಗೆ ಬೆಳ್ಳಗೆ ಹಿಡಿದ ಪುಡಿಯನ್ನು, ತಂತಿ ಬಿಡಿಸಿ, ಅಡುಗೆ ಸೋಡಾ ಬೆರೆಸಿದ ನೀರಿನಿಂದ ಉಜ್ಜಿ ಒರೆಸಿ, ಬಿಗಿದು, ವ್ಯಾಸಲೀನ್ ಸವರಬೇಕು. ಆ ನೀರಿನ ಒಂದು ಹನಿಯೂ ಬ್ಯಾಟರಿಯ ಒಳಗೆ ಬೀಳಬಾರದು.

ಬ್ಯಾಟರಿಯೇ ತುಂಬುತ್ತಿಲ್ಲವೆಂದಾದರೆ ಮಾಳಿಗೆ ಹತ್ತಬೇಕು. ಬಿಡಿಸಿಟ್ಟ 36 ಕೋಶಗಳ ಫಲಕ ಬಿಸಿಲಲ್ಲಿ ಸುಮಾರು 20 ವೋಲ್ಟ್ ತೋರಿಸುತ್ತದೆ. ಜೋಡಿಸಿದಾಗ ಸಾಮಾನ್ಯ ಕಂಟ್ರೋಲರಿನಲ್ಲಿ ಅದೇ ಫಲಕ 13, 14ಕ್ಕೆ ಇಳಿದರೆ ಕೆಟ್ಟಿತೆಂದು ತಿಳಿಯಬಾರದು. ಅದು ಬ್ಯಾಟರಿಯ ಮಟ್ಟಕ್ಕೆ ಬಂದಿದೆ, ಅಷ್ಟೆ. ಧೂಳು ಕವಿದ ಫಲಕವಂತೂ ಪೂರ್ಣ ವೋಲ್ಟೇಜು ತೋರಿಸಿಯೂ ಕರೆಂಟನ್ನು ಕಡಿಮೆ ಕೊಟ್ಟು ಮೋಸಗೊಳಿಸುತ್ತದೆ. ಬೆಳಗಿನ ತಂಪಿನಲ್ಲಿ ತೊಳೆದು, ನಡುಹಗಲಿನಲ್ಲಿ ಬ್ಯಾಟರಿ 14ರ ಮೇಲೇರುವುದೇ ಎಂದು ನೋಡಬೇಕು. ಬಿಚ್ಚುವಾಗ ಕಂಟ್ರೋಲರಿನಿಂದ ಮೊದಲು ಫಲಕ, ಆಮೇಲೆ ಬ್ಯಾಟರಿ. ಜೋಡಿಸುವಾಗ ಮೊದಲು ಬ್ಯಾಟರಿ.

ಇಷ್ಟಾದರೂ ದಿನವಿಡೀ ತುಂಬಿದ ಬ್ಯಾಟರಿ ರಾತ್ರಿಯ ವಿಶ್ರಾಂತಿಯಲ್ಲಿ 10.5ಕ್ಕೇ ನಿಂತರೆ ಅದರ ಆರು ಕೋಶಗಳಲ್ಲಿ ಒಂದು ಸತ್ತಿರುವ ಸಂಭವ ಹೆಚ್ಚು. ಹೈಡ್ರೋಮೀಟರಿನಿಂದ ಒಂದೊಂದನ್ನೂ ನೋಡಿದರೆ ಯಾವುದೆಂದು ತಿಳಿಯುತ್ತದೆ. ಹೊಸ ಬ್ಯಾಟರಿಗೆ ಹಣ ತೆಗೆಯುವ ಸಮಯ ಆಗ. ಇನ್ವರ್ಟರಿನಾಚೆಯ 230 ವೋಲ್ಟಿನ ಭಾಗಕ್ಕೆ ಮಾತ್ರ ಬಲ್ಲ ಇಲೆಕ್ಟ್ರಿಷಿಯನ್ನನನ್ನೇ ಕರೆಯಿರಿ.