ಏಕಚಕ್ರ ಸೈಕಲ್ಲು: ಸೀಟು ಮತ್ತು ಹ್ಯಾಂಡಲ್ ಜೋಡಿಸುವ ಕ್ರಮ

ಜಾತ್ರೆಯ ದಿನಗಳಲ್ಲಿ ಊರ ಹೊರಗಿನ ಬಯಲಿನಲ್ಲಿ ಸರ್ಕಸ್ಸಿನ ಡೇರೆ ಏಳುತ್ತಿದ್ದುದನ್ನೂ, ಅಲ್ಲಿ ಒಂದೇ ಚಕ್ರದ ಸೈಕಲ್ಲಿನ ಮೇಲೆ ಕುಳಿತ ಕಲಾವಿದರು ಎರಡೂ ಕೈಗಳನ್ನು ಚಾಚಿ ಸುತ್ತು ಹಾಕುತ್ತಿದ್ದುದನ್ನೂ ನಮ್ಮ ಹಿರಿಯ ವಾಚಕರು ಮರೆತಿರಲಾರರು. ಅದು ಸರ್ಕಸ್ಸಿನವರಿಗೆ ಮಾತ್ರ ಒಲಿಯುವ ವಿದ್ಯೆಯೆಂಬ ಭಾವನೆ ನಮ್ಮಲ್ಲಿ ಬಹುಕಾಲದಿಂದ ಬೇರೂರಿದೆ. ವಾಸ್ತವವು ಹಾಗಿಲ್ಲ. ಜಪಾನಿನಲ್ಲಿ 1990ರ ದಶಕದ ಆರಂಭದಿಂದಲೇ ಪ್ರಾಥಮಿಕ ಶಾಲೆಯ ಮಕ್ಕಳು ದೈಹಿಕ ಶಿಕ್ಷಣದ ಅಂಗವಾಗಿ ಈ ಸವಾರಿಯನ್ನು ಕಲಿಯುತ್ತ ಬಂದಿದ್ದಾರೆ. ಈ ಕ್ರೀಡೆಗಾಗಿಯೇ 1982ರಲ್ಲಿ ಒಂದು ಅಂತರರಾಷ್ಟ್ರೀಯ ಒಕ್ಕೂಟವು ಸ್ಥಾಪನೆಗೊಂಡಿತು. 1984ರಲ್ಲಿ ಅಮೆರಿಕದ ನ್ಯೂಯಾರ್ಕ್ ರಾಜ್ಯದ ಸಿರಾಕ್ಯೂಸ್ ನಗರದಲ್ಲಿ ಇದರ ಮೊದಲ ವಿಶ್ವ ಸಮ್ಮೇಳನವು ನಡೆಯಿತು.

ಇಂದು ಈ ವಾಹನವನ್ನು ಮನೆಗೆ ತರಿಸಿಕೊಳ್ಳುವುದು ಕಷ್ಟವಲ್ಲ. ಆದರೆ ಅದು ಬಹುಮಟ್ಟಿಗೆ ಬಿಡಿಭಾಗಗಳಾಗಿಯೇ ಪೆಟ್ಟಿಗೆಯಲ್ಲಿ ಬರುತ್ತದೆ. ಚಕ್ರ ಮತ್ತು ಫೋರ್ಕು ಒಂದೆಡೆ, ಸೀಟು ಇನ್ನೊಂದೆಡೆ, ಪೆಡಲುಗಳು ಮತ್ತೊಂದೆಡೆ ಇರುತ್ತವೆ. ಊರಿನ ಸೈಕಲ್ ಅಂಗಡಿಯವರಿಗೂ ಇದರ ಪರಿಚಯ ಕಡಿಮೆ. ಹೀಗಾಗಿ ತಂದೆತಾಯಿಗಳು ತಮಗೆ ತಿಳಿದಂತೆ ಜೋಡಿಸಿ ಮಗುವಿನ ಕೈಗೆ ಕೊಡುತ್ತಾರೆ. ಸೀಟು ತಗ್ಗಾಗಿದ್ದು ಮೊಣಕಾಲು ನೊಂದರೂ, ಬೋಲ್ಟು ಸಡಿಲವಾಗಿದ್ದು ಮಗು ಬಿದ್ದರೂ “ಇದು ನಮ್ಮ ಮಗುವಿಗೆ ಸಾಧ್ಯವಿಲ್ಲ” ಎಂದು ವಾಹನವನ್ನು ಅಟ್ಟಕ್ಕೆ ಏರಿಸುವುದೇ ಹೆಚ್ಚು. ದೋಷವು ಮಗುವಿನದಲ್ಲ, ಜೋಡಣೆಯದು. ಆದುದರಿಂದ ಸೀಟು ಮತ್ತು ಹ್ಯಾಂಡಲ್‌ಗಳ ಜೋಡಣೆಯ ಕ್ರಮವನ್ನು ಇಲ್ಲಿ ಸ್ವಲ್ಪ ವಿವರವಾಗಿ ತಿಳಿಸಲು ಬಯಸುತ್ತೇವೆ.

ವಾಹನದ ಸ್ವಭಾವ

ನಮ್ಮ ಸಾಮಾನ್ಯ ಸೈಕಲ್ಲಿನಲ್ಲಿ ಸವಾರನ ಭಾರವು ಸೀಟು, ಹ್ಯಾಂಡಲ್ ಮತ್ತು ಪೆಡಲುಗಳ ನಡುವೆ ಹಂಚಿಹೋಗುತ್ತದೆ. ಏಕಚಕ್ರದಲ್ಲಿ ಭಾರದ ಬಹುಪಾಲನ್ನು ಸೀಟೇ ಹೊರಬೇಕು. ಇಲ್ಲಿ ಸರಪಳಿಯಿಲ್ಲ, ಸಾಮಾನ್ಯ ಮಾದರಿಗಳಲ್ಲಿ ಕ್ರ್ಯಾಂಕುಗಳು ಚಕ್ರದ ಅಚ್ಚಿಗೇ ನೇರವಾಗಿ ಕೂಡಿರುತ್ತವೆ. ಚಕ್ರ ತಿರುಗುವವರೆಗೆ ಪೆಡಲು ತಿರುಗಲೇಬೇಕು. ಪೆಡಲು ನಿಂತರೆ ಚಕ್ರವೂ ನಿಲ್ಲುತ್ತದೆ. ಎಡಬಲಕ್ಕೆ ಹೊರಳುವುದು ಸೊಂಟದ ಚಲನೆಯಿಂದ. ಸೀಟನ್ನು ತೊಡೆಗಳ ನಡುವೆ ಹಿಡಿದು, ಮೈಯನ್ನು ತುಸು ಹೊರಳಿಸಿದರೆ ಚಕ್ರವು ಆ ಕಡೆಗೆ ತಿರುಗುತ್ತದೆ. ಎಂದ ಮೇಲೆ ಸೀಟು ಇಲ್ಲಿ ಕೇವಲ ಆಸನವಲ್ಲ, ವಾಹನವನ್ನು ನಡೆಸುವ ಸಾಧನವೂ ಹೌದು. ಅದು ಅಲುಗಾಡಿದರೆ ಸವಾರನ ಹತೋಟಿಯೇ ತಪ್ಪುತ್ತದೆ.

ಮೊದಲು ಎಡಬಲಗಳ ಪರೀಕ್ಷೆ

ಏಕಚಕ್ರವನ್ನು ನೋಡಿದರೆ ಹಿಂದು ಯಾವುದು, ಮುಂದು ಯಾವುದು ಎಂಬುದು ಸುಲಭವಾಗಿ ತಿಳಿಯುವುದಿಲ್ಲ. ಇಲ್ಲಿಯೇ ಅನೇಕರು ತಪ್ಪುತ್ತಾರೆ. ಎರಡೂ ಕ್ರ್ಯಾಂಕುಗಳ ಮೇಲೆ ಮತ್ತು ಪೆಡಲುಗಳ ತುದಿಯಲ್ಲಿ ‘ಎಲ್’ ಹಾಗೂ ‘ಆರ್’ ಎಂಬ ಇಂಗ್ಲಿಷ್ ಅಕ್ಷರಗಳಿರುತ್ತವೆ. ಎಲ್ ಎಂದರೆ ಎಡ, ಆರ್ ಎಂದರೆ ಬಲ. ಬಲಗಡೆಯ ಪೆಡಲನ್ನು ಗಡಿಯಾರದ ಮುಳ್ಳು ತಿರುಗುವ ದಿಕ್ಕಿನಲ್ಲಿ ತಿರುಗಿಸಿ ಬಿಗಿಯಬೇಕು. ಎಡಗಡೆಯದರ ಥ್ರೆಡ್ಡು ಇದಕ್ಕೆ ವಿರುದ್ಧವಾಗಿರುತ್ತದೆ. ಪೆಡಲು ತುಳಿಯುತ್ತಿರುವಾಗ ತಾನಾಗಿಯೇ ಸಡಿಲವಾಗದಿರಲೆಂದು ಮಾಡಿದ ಏರ್ಪಾಡಿದು.

ಸೀಟಿನ ಮೂಗು ಮುಂದಕ್ಕಿರುವಂತೆ ಕುಳಿತಾಗ ಎಲ್ ಗುರುತಿನ ಕ್ರ್ಯಾಂಕು ಸವಾರನ ಎಡಗಾಲಿನ ಕಡೆಗೇ ಇರಬೇಕು. ಸೀಟನ್ನು ಹಿಂದುಮುಂದಾಗಿ ಕೂರಿಸಿದರೆ ಎಡದ ಪೆಡಲು ಬಲಕ್ಕೆ ಬಂದು, ತುಳಿದಂತೆಲ್ಲ ಬಿಚ್ಚಿಕೊಳ್ಳತೊಡಗುತ್ತದೆ. ಕೆಲವು ದಿನಗಳಲ್ಲಿ ಕ್ರ್ಯಾಂಕಿನ ಥ್ರೆಡ್ಡು ಸವೆದು ಅದನ್ನೇ ಬದಲಿಸಬೇಕಾಗುತ್ತದೆ. ಐದು ನಿಮಿಷದ ಪರೀಕ್ಷೆಯಿಂದ ಈ ನಷ್ಟವನ್ನು ತಪ್ಪಿಸಬಹುದು.

ಸೀಟಿನ ಜೋಡಣೆ

ಏಕಚಕ್ರದ ಸೀಟು ಬಾಳೆಹಣ್ಣಿನಂತೆ ಬಾಗಿದ್ದು, ಮುಂದೆಯೂ ಹಿಂದೆಯೂ ಸ್ವಲ್ಪ ಮೇಲೆದ್ದಿರುತ್ತದೆ. ಅದರ ತಳದಿಂದ ಸಾಮಾನ್ಯವಾಗಿ ನಾಲ್ಕು ಬೋಲ್ಟುಗಳು ಕೆಳಗಿಳಿದಿರುತ್ತವೆ. ಸೀಟಿನ ಕೊಳವೆಯ ನೆತ್ತಿಯಲ್ಲಿರುವ ಚಪ್ಪಟೆ ತಗಡಿನ ನಾಲ್ಕು ರಂಧ್ರಗಳಿಗೆ ಇವನ್ನು ಕೂಡಿಸಿ, ವಾಷರ್ ಹಾಕಿ, ನಟ್ಟುಗಳನ್ನು ಕೈಯಿಂದಲೇ ತಿರುಗಿಸಬೇಕು. ಬಳಿಕ ಪಾನಾದಿಂದ ಬಿಗಿಯುವಾಗ ಒಂದೇ ನಟ್ಟನ್ನು ಪೂರ್ತಿಯಾಗಿ ಬಿಗಿಯದೆ, ಎದುರುಬದುರಾದ ಮೂಲೆಗಳನ್ನು ಸ್ವಲ್ಪ ಸ್ವಲ್ಪವಾಗಿ ಬಿಗಿಯುತ್ತ ಬರಬೇಕು. ಆಗ ಸೀಟು ಸಮನಾಗಿ ಕೂರುತ್ತದೆ. ಅತಿಯಾಗಿ ಬಿಗಿದರೆ ಪ್ಲಾಸ್ಟಿಕ್ಕಿನ ತಳದಲ್ಲಿ ಬೋಲ್ಟು ತಿರುಗಿಕೊಂಡು ಹಾಳಾಗುವ ಸಂಭವವಿದೆ.

ಕೊಳವೆಯ ದಪ್ಪವು ಫೋರ್ಕಿನ ಬಾಯಿಗೆ ಸರಿಯಾಗಿ ಹೊಂದಬೇಕು. 22.2, 25.4, 27.2 ಮಿಲಿಮೀಟರ್ ವ್ಯಾಸದ ಕೊಳವೆಗಳು ಬಳಕೆಯಲ್ಲಿವೆ. ಹೊಂದದ ಕೊಳವೆಗೆ ತಗಡು ಸುತ್ತಿ ಕೂರಿಸುವುದು ಅಪಾಯಕರ. ಲೋಹದ ಕೊಳವೆಗೆ ತೆಳುವಾಗಿ ಗ್ರೀಸು ಸವರಿದರೆ ಅದು ತುಕ್ಕು ಹಿಡಿದು ಕಚ್ಚಿಕೊಳ್ಳುವುದಿಲ್ಲ. ಕೊಳವೆಯ ಮೇಲೆ ಕನಿಷ್ಠ ಮಿತಿಯ ಗೆರೆಯೊಂದನ್ನು ಕೊರೆದಿರುತ್ತಾರೆ. ಆ ಗೆರೆಯು ಫೋರ್ಕಿನ ಒಳಗೆ ಮರೆಯಾಗಿರಲೇಬೇಕು. ಹೊರಗೆ ಕಾಣುತ್ತಿದ್ದರೆ ಕೊಳವೆಯು ಸಾಲದೆಂದು ತಿಳಿದು ಉದ್ದನೆಯದನ್ನು ತರಿಸಬೇಕು. ಇದಕ್ಕೆ ವಿರುದ್ಧವಾಗಿ, ಚಿಕ್ಕ ಮಕ್ಕಳಿಗಾಗಿ ಸೀಟನ್ನು ಇಳಿಸುವಾಗ ಕೊಳವೆಯ ತುದಿಯು ಟೈರಿಗೆ ತಗಲುವುದುಂಟು. ಆಗ ಹ್ಯಾಕ್ಸಾದಿಂದ ಕೊಳವೆಯ ಕೆಳತುದಿಯನ್ನು ಅಗತ್ಯವಿದ್ದಷ್ಟೇ ಕತ್ತರಿಸಿ, ಅಂಚನ್ನು ಅರದಿಂದ ನಯಗೊಳಿಸಬೇಕು. ಕತ್ತರಿಸಿದ ಬಳಿಕವೂ ಸಾಕಷ್ಟು ಉದ್ದದ ಕೊಳವೆಯು ಫೋರ್ಕಿನೊಳಗೆ ಉಳಿಯುವುದೇ ಎಂಬುದನ್ನು ಮೊದಲೇ ಅಳೆದು ನೋಡಬೇಕು.

ಎತ್ತರವೆಷ್ಟು?

ಈ ಪ್ರಶ್ನೆಯೇ ಎಲ್ಲಕ್ಕಿಂತ ಮುಖ್ಯವಾದುದು. ಮಗುವಿನ ಎರಡೂ ಪಾದಗಳು ನೆಲಕ್ಕೆ ಊರಬೇಕೆಂಬುದು ನಮ್ಮ ಮನೆಗಳಲ್ಲಿ ಹಿರಿಯರ ಸಹಜವಾದ ಅಪೇಕ್ಷೆ. ಎರಡು ಚಕ್ರದ ಸೈಕಲ್ಲನ್ನು ಕಲಿಯುವ ಮಗುವಿಗೆ ಅದು ಸರಿಯೇ. ಆದರೆ ಏಕಚಕ್ರದಲ್ಲಿ ಆ ಲೆಕ್ಕ ನಡೆಯುವುದಿಲ್ಲ. ಕಲಿಯುವವರು ಬಳಸುವ 20 ಅಂಗುಲದ ಚಕ್ರದಲ್ಲಿ ಅಚ್ಚು ನೆಲದಿಂದ ಸುಮಾರು 25 ಸೆಂಟಿಮೀಟರ್ ಮೇಲಿರುತ್ತದೆ. ಕ್ರ್ಯಾಂಕಿನ ಉದ್ದ 12.5 ಸೆಂಟಿಮೀಟರ್ ಎಂದಿಟ್ಟುಕೊಂಡರೆ, ಪೆಡಲು ಅತ್ಯಂತ ಕೆಳಗೆ ಬಂದಾಗಲೂ ನೆಲಕ್ಕಿಂತ ಸುಮಾರು 12 ಸೆಂಟಿಮೀಟರ್ ಮೇಲಿರುತ್ತದೆ. ಕಾಲು ಸರಿಯಾಗಿ ಚಾಚುವಂತೆ ಸೀಟನ್ನು ಏರಿಸಿದರೆ ಪಾದಗಳು ನೆಲಕ್ಕೆ ಊರಲಾರವು.

ಸರಿಯಾದ ಎತ್ತರವನ್ನು ಗೊತ್ತುಮಾಡಲು ಸರಳವಾದ ಕ್ರಮವಿದೆ. ಮಗುವನ್ನು ಗೋಡೆಯ ಪಕ್ಕದಲ್ಲಿ ಸೀಟಿನ ಮೇಲೆ ಕೂರಿಸಿ ಹಿರಿಯರು ಹಿಡಿದುಕೊಳ್ಳಬೇಕು. ಒಂದು ಪೆಡಲನ್ನು ಪೂರ್ತಿ ಕೆಳಗೆ ತಂದು, ಅದರ ಮೇಲೆ ಹಿಮ್ಮಡಿಯನ್ನು ಇರಿಸಬೇಕು. ಆಗ ಕಾಲು ಹೆಚ್ಚುಕಡಿಮೆ ನೇರವಾಗಿರಬೇಕು. ಬಳಿಕ ಪಾದದ ಮುಂಭಾಗವನ್ನು ಪೆಡಲಿನ ಮೇಲೆ ಇರಿಸಿದಾಗ ಮೊಣಕಾಲು ಸ್ವಲ್ಪವೇ ಬಾಗುತ್ತದೆ. ಇದೇ ಸವಾರಿಗೆ ತಕ್ಕ ಎತ್ತರ. ಸವಾರಿಯಲ್ಲಿ ತೊಡುವ ಬೂಟುಗಳನ್ನೇ ತೊಟ್ಟು ಅಳೆಯಬೇಕು.

ಸೀಟು ತಗ್ಗಾದರೆ ಮೊಣಕಾಲು ಅತಿಯಾಗಿ ಮಡಿಚಿಕೊಂಡು ತೊಡೆಯ ಸ್ನಾಯುಗಳು ಬೇಗನೆ ದಣಿಯುತ್ತವೆ. ಸವಾರನು ಸೀಟಿನ ಮೇಲೆ ಕೂರುವ ಬದಲು ಪೆಡಲುಗಳ ಮೇಲೆ ನಿಂತುಬಿಡುತ್ತಾನೆ, ಚಕ್ರವು ಅತ್ತಿತ್ತ ತೊನೆಯುತ್ತದೆ. ಸೀಟು ಅತಿ ಎತ್ತರವಾದರೆ ಪೆಡಲು ಕೆಳಗಿಳಿದಾಗಲೆಲ್ಲ ಸೊಂಟವು ಎಡಬಲಕ್ಕೆ ಜಾರುತ್ತದೆ, ಪಾದವು ಪೆಡಲಿನಿಂದ ತಪ್ಪುತ್ತದೆ. ಕಲಿಯುವ ಆರಂಭದಲ್ಲಿ ಭಯವಿರುವ ಮಗುವಿಗೆ ಒಂದೆರಡು ಸೆಂಟಿಮೀಟರ್ ತಗ್ಗಿಸಿಕೊಟ್ಟರೆ ಬಾಧಕವಿಲ್ಲ. ಬೆಳೆಯುವ ಮಕ್ಕಳಿದ್ದಲ್ಲಿ ಕೆಲವು ತಿಂಗಳಿಗೊಮ್ಮೆ ಎತ್ತರವನ್ನು ಮತ್ತೆ ಪರೀಕ್ಷಿಸುವುದು ಅಗತ್ಯ.

ಎತ್ತರ ಗೊತ್ತಾದ ಮೇಲೆ ಮೇಲಿನಿಂದ ನೋಡಿ, ಸೀಟಿನ ಮೂಗು ಟೈರಿನ ನೇರಕ್ಕೇ ಇರುವಂತೆ ಮಾಡಿ ಕ್ಲಾಂಪನ್ನು ಬಿಗಿಯಬೇಕು. ಕ್ಲಾಂಪಿನ ಸೀಳು ಫೋರ್ಕಿನ ಸೀಳಿನ ನೇರಕ್ಕೆ ಬಂದಾಗ ಹಿಡಿತವು ಚೆನ್ನಾಗಿರುತ್ತದೆ. ಸೀಟಿನ ಓರೆಯನ್ನು ಹೊಂದಿಸುವ ಸೌಲಭ್ಯವಿದ್ದರೆ, ಮೊದಲು ಎರಡೂ ತುದಿಗಳು ಸಮವಾಗಿರುವಂತೆ ಇರಿಸಿ ನೋಡುವುದು ಲೇಸು. ಮುಂದಕ್ಕೆ ಜಾರಿದಂತಾದರೆ ಮೂಗನ್ನು ತುಸು ಏರಿಸಬೇಕು. ಮುಂಭಾಗದಲ್ಲಿ ಒತ್ತಿದಂತಾದರೆ ತುಸು ಇಳಿಸಬೇಕು.

ಹ್ಯಾಂಡಲ್ ಏತಕ್ಕೆ?

ಹ್ಯಾಂಡಲ್ ಎಂದೊಡನೆ ದಿಕ್ಕು ಬದಲಿಸುವ ಸಾಧನವೆಂದು ನಾವು ತಿಳಿಯುತ್ತೇವೆ. ಏಕಚಕ್ರದ ಹ್ಯಾಂಡಲ್ಲಿನ ಮುಖ್ಯ ಪ್ರಯೋಜನ ಅದಲ್ಲ. ಸೀಟಿನ ಮೂಗಿನ ಕೆಳಗೆ ಚಿಕ್ಕದಾದ ಒಂದು ಹಿಡಿಕೆಯು ಅನೇಕ ಸೀಟುಗಳಲ್ಲಿ ಇದ್ದೇ ಇರುತ್ತದೆ. ದಿಣ್ಣೆ ಏರುವಾಗ ಅದನ್ನು ಮೇಲಕ್ಕೆ ಎಳೆದು ಹಿಡಿದರೆ ಕಾಲಿಗೆ ಹೆಚ್ಚು ಬಲ ಬರುತ್ತದೆ. ದೂರದ ಸವಾರಿಗಾಗಿ ಇದನ್ನೇ ಮುಂದಕ್ಕೆ ಬೆಳೆಸಿದರೆ ಹ್ಯಾಂಡಲ್ಲಾಯಿತು. ದೇಹದ ಭಾರದ ಒಂದು ಪಾಲನ್ನು ಕೈಗಳು ಹೊರುವಂತೆ ಮಾಡುವುದೇ ಅದರ ಉದ್ದೇಶ. ಗಂಟೆಗಟ್ಟಲೆ ಸೀಟಿನ ಮೇಲೆಯೇ ಭಾರವೂರಿ ಕುಳಿತರೆ ತೊಡೆಸಂದಿಯ ನರಗಳೂ ರಕ್ತನಾಳಗಳೂ ಒತ್ತಲ್ಪಟ್ಟು ಜೋಮು ಹಿಡಿಯುತ್ತದೆ. ಇದನ್ನು ಅಲಕ್ಷಿಸುವುದು ಆರೋಗ್ಯಕ್ಕೆ ಒಳ್ಳೆಯದಲ್ಲ.

ದೂರದ ಸವಾರಿಗೆ 36 ಅಂಗುಲದ ದೊಡ್ಡ ಚಕ್ರವನ್ನು ಬಳಸುತ್ತಾರೆ. ಅದು ಒಂದು ಸುತ್ತಿಗೆ ಸುಮಾರು 2.9 ಮೀಟರ್ ಸಾಗುತ್ತದೆ. 20 ಅಂಗುಲದ್ದು ಸುಮಾರು 1.6 ಮೀಟರ್ ಮಾತ್ರ. 2008ರಲ್ಲಿ ಕೆನಡಾದ ನೋವಾ ಸ್ಕೋಷಿಯಾದಲ್ಲಿ ಮೂವರು ಸವಾರರ ತಂಡಗಳಿಗಾಗಿ 800 ಕಿಲೋಮೀಟರುಗಳ ಏಕಚಕ್ರ ಸ್ಪರ್ಧೆಯು ನಡೆಯಿತು. ಇಂಗ್ಲೆಂಡಿನ ಎಡ್ ಪ್ರ್ಯಾಟ್ ಎಂಬ ತರುಣನು 2015ರಲ್ಲಿ ಹೊರಟು, ಸಾಮಾನು ಸರಂಜಾಮುಗಳೊಡನೆ 36 ಅಂಗುಲದ ಏಕಚಕ್ರದಲ್ಲಿಯೇ ಭೂಮಿಯನ್ನು ಸುತ್ತಿ 2018ರಲ್ಲಿ ತನ್ನ ಊರಿಗೆ ಮರಳಿದನು. ಇಂತಹ ದೀರ್ಘ ಸವಾರಿಗಳಲ್ಲಿ ಸೀಟು ಮತ್ತು ಹ್ಯಾಂಡಲ್ಲಿನ ಹೊಂದಾಣಿಕೆಯು ಎಷ್ಟು ಮುಖ್ಯವೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಹ್ಯಾಂಡಲ್ಲಿನ ಜೋಡಣೆ

ಇನ್ನೂ ಕಲಿಯುತ್ತಿರುವ ಮಗುವಿನ ವಾಹನಕ್ಕೆ ಮುಂಚಾಚಿದ ಹ್ಯಾಂಡಲ್ ಬೇಡವೆಂದೇ ನಾವು ಹೇಳುತ್ತೇವೆ. ಕಲಿಯುವವರು ಬೀಳುವಾಗ ಮುಂದಕ್ಕೆ ಹೆಜ್ಜೆಯಿಟ್ಟು ಇಳಿಯುವುದು ಸಾಮಾನ್ಯ. ಆಗ ಹ್ಯಾಂಡಲ್ ಅಡ್ಡ ಬಂದರೆ ಪೆಟ್ಟಾಗುತ್ತದೆ. ಕೈಚಾಚಿ ಸಮತೋಲನ ಕಾಯುವ ಅಭ್ಯಾಸವೂ ಬೆಳೆಯುವುದಿಲ್ಲ. ನಿರಾಯಾಸವಾಗಿ ಕೆಲವು ಕಿಲೋಮೀಟರ್ ಸಾಗಬಲ್ಲವರಿಗೆ ಮಾತ್ರ ಇದು ಉಪಯುಕ್ತ.

ಕೆಲವು ಹ್ಯಾಂಡಲ್‌ಗಳನ್ನು ಸೀಟಿನ ಮುಂದಿನ ಹಿಡಿಕೆಯನ್ನು ತೆಗೆದು ಅದರ ಸ್ಥಾನದಲ್ಲಿಯೇ ಬಿಗಿಯಲಾಗುತ್ತದೆ. ಇನ್ನು ಕೆಲವನ್ನು ಸೀಟು ಮತ್ತು ಕೊಳವೆಯ ನೆತ್ತಿಯ ನಡುವೆ ಕೂರಿಸಲಾಗುತ್ತದೆ. ಎರಡನೆಯ ಬಗೆಯಲ್ಲಿ ಹ್ಯಾಂಡಲ್ಲಿನ ತಗಡಿನ ದಪ್ಪವು ಸೇರುವುದರಿಂದ ಹಳೆಯ ಬೋಲ್ಟುಗಳು ಸಾಲದೆ ಹೋಗಬಹುದು. ನಟ್ಟಿನೊಳಗೆ ಪೂರ್ತಿಯಾಗಿ ಹೊಕ್ಕು ಹೊರಬರುವಷ್ಟು ಉದ್ದದ ಬೋಲ್ಟುಗಳನ್ನೇ ಹಾಕಬೇಕು.

ಮೊದಲಿಗೆ ಹ್ಯಾಂಡಲ್ಲನ್ನು ಸೀಟಿಗೆ ಹತ್ತಿರವಾಗಿ, ಸೀಟಿನ ಮಟ್ಟದಲ್ಲಿ ಅಥವಾ ಅದಕ್ಕಿಂತ ತುಸು ಮೇಲೆ ಇರಿಸಬೇಕು. ಬೆನ್ನು ಬಗ್ಗಿ ಗೂನಾಗದೆ, ಮೊಣಕೈಗಳು ಸಡಿಲವಾಗಿ ಬಾಗಿರುವಂತೆಯೇ ಹಿಡಿತಕ್ಕೆ ಸಿಗಬೇಕು. ತುಳಿಯುವಾಗ ಮೊಣಕಾಲುಗಳು ಅದಕ್ಕೆ ತಾಗಬಾರದು. ಅಭ್ಯಾಸವಾದಂತೆ ಒಂದೊಂದು ಸೆಂಟಿಮೀಟರಿನಂತೆ ಮುಂದಕ್ಕೆ ಸರಿಸಬಹುದು. ದೂರ ಹೆಚ್ಚಿದಂತೆ ಸೀಟಿನ ತಳದ ಮೇಲೆ ಬೀಳುವ ಸೆಳೆತವೂ ಹೆಚ್ಚುತ್ತದೆಂಬುದು ನೆನಪಿರಲಿ. ಮುಂದಕ್ಕೆ ಬಾಗಿ ಕೂರುವುದರಿಂದ ಸೀಟಿನ ಮೂಗು ಒತ್ತತೊಡಗಿದರೆ ಅದನ್ನು ಸ್ವಲ್ಪ ಇಳಿಸಬೇಕು. ಒಂದು ಬಾರಿಗೆ ಒಂದೇ ಬದಲಾವಣೆಯನ್ನು ಮಾಡಿ, ಕೆಲವು ದಿನ ಸವಾರಿ ಮಾಡಿ ನೋಡಿದ ಬಳಿಕವೇ ಇನ್ನೊಂದಕ್ಕೆ ಕೈಹಾಕಬೇಕು. ಎಲ್ಲವನ್ನೂ ಒಟ್ಟಿಗೆ ಬದಲಿಸಿದರೆ ಹಿತವಾದುದು ಯಾವುದು, ಅಹಿತವಾದುದು ಯಾವುದು ಎಂಬುದೇ ತಿಳಿಯದು.

ಹ್ಯಾಂಡಲ್ ಇದ್ದಾಗ ಕೈಗಳ ಬಲವು ಸೀಟನ್ನು ಪಕ್ಕಕ್ಕೆ ತಿರುಚುತ್ತಿರುತ್ತದೆ. ಒಂದೇ ಬೋಲ್ಟಿನ ಕ್ಲಾಂಪು ಜಾರುತ್ತಿದ್ದರೆ ಎರಡು ಬೋಲ್ಟುಗಳ ಕ್ಲಾಂಪನ್ನು ಹಾಕಿಸುವುದು ಒಳಿತು.

ಹೊರಡುವ ಮುನ್ನ

ಪ್ರತಿ ಸವಾರಿಗೆ ಮುನ್ನ ಚಕ್ರವನ್ನು ಎರಡು ಮೊಣಕಾಲುಗಳ ನಡುವೆ ಒತ್ತಿ ಹಿಡಿದು ಸೀಟನ್ನು ತಿರುಚಿ ನೋಡಬೇಕು. ಅದು ಕದಲಬಾರದು. ಕ್ರ್ಯಾಂಕಿನ ನಟ್ಟುಗಳು, ಪೆಡಲುಗಳು, ಸೀಟಿನ ಕೆಳಗಿನ ನಾಲ್ಕು ನಟ್ಟುಗಳು ಬಿಗಿಯಾಗಿವೆಯೇ ಎಂದು ಕೈಯಾಡಿಸಬೇಕು. ಹೊಸ ವಾಹನದ ಬೋಲ್ಟುಗಳು ಮೊದಲ ಕೆಲವು ಸವಾರಿಗಳಲ್ಲಿಯೇ ಸ್ವಲ್ಪ ಸಡಿಲವಾಗುವುದುಂಟು. ಮಗುವಿಗೆ ಹೆಲ್ಮೆಟ್ಟನ್ನೂ, ಮಣಿಕಟ್ಟು ಮತ್ತು ಮೊಣಕಾಲಿನ ರಕ್ಷಾಕವಚಗಳನ್ನೂ ತೊಡಿಸಬೇಕು. ದುಪಟ್ಟ, ಸಡಿಲವಾದ ಪ್ಯಾಂಟು, ಬಿಚ್ಚಿದ ಬೂಟಿನ ಲಾಡಿ ಇವು ಕ್ರ್ಯಾಂಕಿಗೆ ಸಿಕ್ಕಿಕೊಳ್ಳದಂತೆ ತಾಯಂದಿರು ಗಮನವಿಡಬೇಕು. ಕಲಿಕೆಯು ಮನೆಯ ಅಂಗಳದಲ್ಲಿ ಇಲ್ಲವೇ ಶಾಲೆಯ ಬಯಲಿನಲ್ಲಿ ಆಗಬೇಕೇ ಹೊರತು ವಾಹನಗಳು ಓಡಾಡುವ ರಸ್ತೆಯಲ್ಲಲ್ಲ.

ಈ ಕೆಲಸಗಳಿಗೆ ಬೇಕಾದ ಸಲಕರಣೆಗಳು ಕೆಲವೇ: ಪಾನಾ, ಅಲೆನ್ ಕೀ, ಅಳತೆಪಟ್ಟಿ ಮತ್ತು ಒಂದಿಷ್ಟು ಗ್ರೀಸು. ತಂದೆತಾಯಿಗಳು ತಾವೇ ಎಲ್ಲವನ್ನೂ ಮಾಡಿ ಮುಗಿಸದೆ ಮಗುವನ್ನೂ ಜೊತೆಗೆ ಕೂರಿಸಿಕೊಳ್ಳಬೇಕು. ಯಾವ ಬೋಲ್ಟು ಏನನ್ನು ಹಿಡಿದಿದೆ ಎಂಬುದನ್ನು ತಿಳಿದ ಮಗುವು ತನ್ನ ವಾಹನವನ್ನು ತಾನೇ ಪರೀಕ್ಷಿಸಿಕೊಳ್ಳಲು ಕಲಿಯುತ್ತದೆ. ಗಂಡುಮಕ್ಕಳಷ್ಟೇ ಹೆಣ್ಣುಮಕ್ಕಳೂ ಈ ವಿದ್ಯೆಯಲ್ಲಿ ಪಳಗಬಲ್ಲರು. ಮೊದಲ ವಾರಗಳಲ್ಲಿ ಹತ್ತು ಬಾರಿ ಬಿದ್ದು ಹನ್ನೊಂದನೆಯ ಬಾರಿ ಏಳುವುದು ಇದ್ದದ್ದೇ. ಆಗ ಗದರಿಸದೆ, ಸೀಟಿನ ಎತ್ತರವನ್ನು ಇನ್ನೊಮ್ಮೆ ನೋಡಿ, ಮಗುವಿನ ಕೈಹಿಡಿದು ನಾಲ್ಕು ಹೆಜ್ಜೆ ಜೊತೆಗೆ ನಡೆಯುವ ತಾಳ್ಮೆಯು ಹಿರಿಯರಲ್ಲಿ ಇರಲೆಂದು ನಾವು ಆಶಿಸುತ್ತೇವೆ.