ಶಾಸನಪಾಠ ಟೈಪಿಸುವವರಿಗೆ: ಸ್ಟೈಲ್‌ಗಳ ತಾಯಿ-ಮಗು ಸಂಬಂಧ

ನಾನು ಓದಿದ್ದು ಇಂಜಿನಿಯರಿಂಗ್, ಹಳೆಯ ಲಿಪಿ ಕಲಿತದ್ದು ಸ್ವಂತ ಆಸಕ್ತಿಯಿಂದ. ಆದರೂ ವರ್ಡ್‌ನಲ್ಲಿ ಬಹಳ ದಿನ ಒಂದು ತಪ್ಪು ಮಾಡ್ತಿದ್ದೆ. ಸವೆದುಹೋಗಿ ಊಹೆಯಿಂದ ಓದಿದ ಅಕ್ಷರಗಳಿಗೆ ಕೈಯಿಂದಲೇ ಅಡಿಗೆರೆ ಹಾಕುತ್ತಿದ್ದೆ. ಒಮ್ಮೆ ಫಾಂಟ್‌ಗಳು ಕಲಸುಮೇಲೋಗರ ಆದವು ಅಂತ ಎಲ್ಲವನ್ನೂ ಆಯ್ದು ‘ಕ್ಲಿಯರ್ ಫಾರ್ಮ್ಯಾಟಿಂಗ್’ ಒತ್ತಿದೆ. ಅಡಿಗೆರೆಗಳೆಲ್ಲ ಮಾಯ! ಕಲ್ಲಿನಲ್ಲಿ ಕಂಡದ್ದು ಯಾವುದು, ನಾನು ಊಹಿಸಿದ್ದು ಯಾವುದು ಅನ್ನೋ ವ್ಯತ್ಯಾಸವೇ ಹೋಯ್ತು. ಮತ್ತೆ ಫೋಟೋಗಳನ್ನು ಹರಡಿಕೊಂಡು ಕೂರಬೇಕಾಯಿತು.

ಬಿ.ಎಲ್. ರೈಸ್ ಅವರ ‘ಎಪಿಗ್ರಾಫಿಯಾ ಕರ್ನಾಟಿಕಾ’ ಸಂಪುಟಗಳನ್ನು ನೋಡಿ: ಕನ್ನಡ ಲಿಪಿಯ ಪಾಠ, ರೋಮನ್ ಲಿಪ್ಯಂತರ, ಇಂಗ್ಲಿಷ್ ಅನುವಾದ ಬೇರೆ ಬೇರೆ. ನಮ್ಮ ಕಡತದಲ್ಲೂ ಇಂಥ ಪ್ರತಿ ಭಾಗಕ್ಕೆ ಒಂದು ಪ್ಯಾರಾಗ್ರಾಫ್ ಸ್ಟೈಲ್ ಬೇಕು.

ಮೊದಲು ‘ಶಾಸನ-ಮೂಲ’ ಎಂಬ ಸ್ಟೈಲ್ ಮಾಡಿ, ಫಾಂಟ್, ಗಾತ್ರ, ಸಾಲಂತರ ಅಲ್ಲೇ ಕೊಡಿ. ಆಮೇಲೆ ‘ಪಾಠ’, ‘ಲಿಪ್ಯಂತರ’, ‘ಅರ್ಥ’ ಮಾಡುವಾಗ ‘ಸ್ಟೈಲ್ ಬೇಸ್ಡ್ ಆನ್’ ಜಾಗದಲ್ಲಿ ‘ಶಾಸನ-ಮೂಲ’ವನ್ನು ಆರಿಸಿ. ಮಗು-ಸ್ಟೈಲ್ ತನ್ನ ವ್ಯತ್ಯಾಸವನ್ನು ಮಾತ್ರ ಇಟ್ಟುಕೊಳ್ಳುತ್ತದೆ, ಉಳಿದದ್ದೆಲ್ಲ ತಾಯಿಯದು. ತಾಯಿಯಲ್ಲಿ ಫಾಂಟ್ ಬದಲಿಸಿದರೆ ಮೂರೂ ಬದಲಾಗುತ್ತವೆ. ಆದರೆ ‘ಲಿಪ್ಯಂತರ’ಕ್ಕೆ ನೀವೇ ಬೇರೆ ಗಾತ್ರ ಕೊಟ್ಟಿದ್ದರೆ ಅದು ಹಾಗೇ ಉಳಿಯುತ್ತದೆ. ಒಂದು ಎಚ್ಚರಿಕೆ: ಕನ್ನಡದ ಫಾಂಟ್ ಮತ್ತು ಗಾತ್ರವನ್ನು ಫಾಂಟ್ ಕಿಟಕಿಯ ‘ಕಾಂಪ್ಲೆಕ್ಸ್ ಸ್ಕ್ರಿಪ್ಟ್ಸ್’ ಭಾಗದಲ್ಲೇ ಕೊಡಬೇಕು. ಮೇಲಿನ ಭಾಗದಲ್ಲಿ ಬದಲಿಸಿದರೆ ರೋಮನ್ ಅಕ್ಷರಗಳಷ್ಟೇ ಬದಲಾಗುತ್ತವೆ.

ಇನ್ನು ‘ಲಿಂಕ್ಡ್’ ಸ್ಟೈಲ್. ಇದಕ್ಕೆ ಎರಡು ಮುಖ. ಏನನ್ನೂ ಆಯ್ಕೆ ಮಾಡದೆ ಹಚ್ಚಿದರೆ ಇಡೀ ಪ್ಯಾರಾಕ್ಕೆ ಹತ್ತುತ್ತದೆ. ನಾಲ್ಕು ಪದ ಆಯ್ದು ಹಚ್ಚಿದರೆ ಆ ಪದಗಳ ಅಕ್ಷರರೂಪ ಮಾತ್ರ ಬದಲಾಗುತ್ತದೆ, ಅಂಚು-ಅಂತರ ಬದಲಾಗೋಲ್ಲ. ಕಣ್ತಪ್ಪಿದರೆ ಗೊತ್ತೇ ಆಗೋಲ್ಲ. ಆದ್ದರಿಂದ ‘ಪಾಠ’ಕ್ಕೆ ‘ಪ್ಯಾರಾಗ್ರಾಫ್’ ಬಗೆಯನ್ನೂ, ಊಹೆಯ ಅಕ್ಷರಗಳಿಗೆಂದು ‘ಸಂದೇಹ’ ಎಂಬ ‘ಕ್ಯಾರೆಕ್ಟರ್’ ಬಗೆಯನ್ನೂ ಮಾಡಿಕೊಳ್ಳಿ. ಆಗ ಫಾಂಟ್ ಬದಲಿಸಲು ಏನನ್ನೂ ಅಳಿಸಬೇಕಾಗಿಲ್ಲ. ತಾಯಿಯನ್ನು ತಿದ್ದಿದರೆ ಸಾಕು, ‘ಸಂದೇಹ’ದ ಗುರುತು ತನ್ನ ಜಾಗದಲ್ಲೇ ಇರುತ್ತದೆ.

ಕೊನೆಗೊಂದು ಮಾತು. ವಾಟ್ಸಾಪ್‌ಗೆ ಅಂಟಿಸಿದಾಗ ಸ್ಟೈಲ್ ಜೊತೆಗೆ ಬರೋಲ್ಲ. ಹಾಗಾಗಿ ಸಂದೇಹದ ಅಕ್ಷರಕ್ಕೆ ಚೌಕ ಆವರಣವನ್ನೂ ಹಾಕಿ. ಸ್ಟೈಲ್ ಇರುವುದು ನಮ್ಮ ಅನುಕೂಲಕ್ಕೆ, ಆವರಣ ಇರುವುದು ಮುಂದೆ ಓದುವವರಿಗೆ.